ಮೀನು ಅಜ್ಜಿಗೆ, ಬ್ರೆಡ್ಡು ನಮಗೆ

ನೆದರ್‌ಲ್ಯಾಂಡ್ಸಿನ ಲೈಡನ್ ಊರಿಗೆ ಬಂದ ಮೊದಲ ವರ್ಷವೇ ನನ್ನ ಸೈಕಲ್ ಮಾಯವಾಯಿತು. 2018, ಅಕ್ಟೋಬರ್ 3, ಬುಧವಾರ. ಹಿಂದಿನ ಸಂಜೆ ಕಾಲುವೆ ಪಕ್ಕದ ಕಂಬಿಗೆ ಬೀಗ ಹಾಕಿ ನಿಲ್ಲಿಸಿದ್ದೆ. ಬೆಳಗ್ಗೆ ಹೋಗಿ ನೋಡಿದರೆ ನನ್ನ ಸೈಕಲ್ಲೂ ಇಲ್ಲ, ಅಕ್ಕಪಕ್ಕ ಇದ್ದ ಇಪ್ಪತ್ತು ಸೈಕಲ್ಲುಗಳೂ ಇಲ್ಲ. ಕಂಬಿ ಒಂದೇ ಬೋಳಾಗಿ ನಿಂತಿತ್ತು. ಕಳ್ಳರು ಇಷ್ಟು ಅಚ್ಚುಕಟ್ಟಾಗಿ ಗುಡಿಸಿಕೊಂಡು ಹೋಗ್ತಾರಾ ಅಂತ ಸುತ್ತ ನೋಡಿದೆ. ಕಂಬಕ್ಕೆ ಒಂದು ಬೋರ್ಡು ಕಟ್ಟಿದ್ದರು. ಅದು ವಾರದಿಂದ ಅಲ್ಲೇ ಇತ್ತು. ನಾನು ನೋಡಿದ್ದೆ, ಓದಿರಲಿಲ್ಲ. ಫೋನಿಗೆ ತೋರಿಸಿ ಅರ್ಥ ಮಾಡಿಸಿಕೊಂಡೆ: ಇದು ಮೆರವಣಿಗೆ ದಾರಿ, ಸೈಕಲ್ ನಿಲ್ಲಿಸಿದರೆ ಎತ್ತಿಕೊಂಡು ಹೋಗ್ತೇವೆ.

ಬಯ್ಯೋಣ ಅಂದರೆ ತಪ್ಪು ನನ್ನದೇ. ಸರಿ, ನಡೆದೇ ಕೆಲಸಕ್ಕೆ ಹೊರಟೆ. ನಲವತ್ತು ನಿಮಿಷ ನಡೆದು ಹೋದರೆ ಲ್ಯಾಬಿನ ಬಾಗಿಲು ಹಾಕಿತ್ತು. ಹಿಂದಿನ ದಿನ ಎಲ್ಲರೂ "ನಾಳಿದ್ದು ಸಿಗೋಣ" ಅಂತ ಹೇಳಿ ಹೋಗಿದ್ದರು. ಅದರ ಅರ್ಥ ನನಗೆ ಆಗ ಹೊಳೆಯಿತು.

ಈ ದೇಶದಲ್ಲಿ ಅಕ್ಟೋಬರ್ 3 ಸರ್ಕಾರಿ ರಜೆಯೇ ಅಲ್ಲ. ರೈಲಿನಲ್ಲಿ ಕಾಲು ಗಂಟೆ ದೂರದ ಹೇಗ್ ನಗರದಲ್ಲಿ ಆ ದಿನ ಎಲ್ಲರೂ ಮಾಮೂಲಿನಂತೆ ಆಫೀಸಿಗೆ ಹೋಗ್ತಾರೆ. ಲೈಡನ್ನಿನಲ್ಲಿ ಮಾತ್ರ ಶಾಲೆ ಇಲ್ಲ, ವಿಶ್ವವಿದ್ಯಾಲಯ ಇಲ್ಲ, ಊರಿಗೆ ಊರೇ ಬೀದಿಯಲ್ಲಿ. ನಮ್ಮ ಕಡೆ ಜಾತ್ರೆಗೆ ತಾಲ್ಲೂಕಿಗೆ ಮಾತ್ರ ರಜೆ ಕೊಡ್ತಾರಲ್ಲ, ಹಾಗೆ. ಅಕ್ಟೋಬರ್ 3 ಭಾನುವಾರ ಬಂದರೆ ಹಬ್ಬ ಸೋಮವಾರಕ್ಕೆ ಹೋಗುತ್ತದೆ. ರಜೆ ಒಂದು ದಿನವೂ ವ್ಯರ್ಥ ಆಗಬಾರದು ಅನ್ನುವ ಈ ಲೆಕ್ಕ ನನಗೆ ಬಹಳ ಹಿಡಿಸಿತು.

ಏನು ಹಬ್ಬ ಅಂತ ಗೊತ್ತಾದದ್ದು ಆ ದಿನ ಮಧ್ಯಾಹ್ನ, ಪಕ್ಕದ ಮನೆ ಅಜ್ಜಿಯ ಅಡುಗೆಮನೆಯಲ್ಲಿ. ಅಜ್ಜಿಗೆ ಎಂಬತ್ತರ ಹತ್ತಿರ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲಾ ಇದೇ ಕಾಲುವೆಗಳ ನಡುವೆ. ಕಾಲೆಳೆದುಕೊಂಡು ವಾಪಸ್ ಬರುತ್ತಿದ್ದ ನನ್ನನ್ನು ಕಿಟಕಿಯಿಂದ ನೋಡಿ ಒಳಗೆ ಕರೆದರು. ಸೈಕಲ್ ಕಥೆ ಕೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಕ್ಯಾರೆಟ್ ಹೆಚ್ಚುತ್ತಾ ಕಥೆ ಶುರು ಮಾಡಿದರು.

1574ನೇ ಇಸವಿ. ಇಡೀ ಈ ಸೀಮೆ ಆಗ ಸ್ಪೇನ್ ರಾಜನ ಕೈಕೆಳಗೆ. ಅವನ ವಿರುದ್ಧ ಬಂಡೆದ್ದ ಊರುಗಳಲ್ಲಿ ಲೈಡನ್ ಒಂದು. ಸ್ಪೇನಿನ ಸೈನ್ಯ ಒಂದು ಸಲ ಬಂದು ಊರನ್ನು ಸುತ್ತುವರಿದು ಆ ವರ್ಷ ಮಾರ್ಚಿನಲ್ಲಿ ವಾಪಸ್ ಹೋಗಿತ್ತು. ಊರಿನವರು ಉಸ್ಸಪ್ಪಾ ಅಂತ ಕೂತರು. ಕಣಜ ತುಂಬಿಸಿಕೊಳ್ಳಲಿಲ್ಲ. ಮೇ 26ಕ್ಕೆ ಅದೇ ಸೈನ್ಯ ಮತ್ತೆ ಬಂತು. ಈ ಸಲ ಗೋಡೆ ಒಡೆಯುವ ಗೋಜಿಗೇ ಹೋಗಲಿಲ್ಲ. ದಾರಿಗಳನ್ನೆಲ್ಲ ಮುಚ್ಚಿ ಕಾಯುತ್ತಾ ಕೂತಿತು. ಊರೊಳಗೆ ಮೊದಲು ಧಾನ್ಯ ಮುಗಿಯಿತು, ಆಮೇಲೆ ದನ, ಕುದುರೆ, ಕೊನೆಗೆ ನಾಯಿ, ಇಲಿ. ಅದರ ಜೊತೆ ಪ್ಲೇಗು. ಲೋಹ ಸಾಲದೆ ಕಾಗದದ ನಾಣ್ಯ ಮಾಡಿದರು, ಚರ್ಚಿನ ಪುಸ್ತಕಗಳ ಹಾಳೆ ಅಂಟಿಸಿ, ಒತ್ತಿ.

ಹೊರಗಿನಿಂದ ಸಹಾಯ ಮಾಡಬೇಕಾದವನು ಬಂಡಾಯದ ಮುಂದಾಳು ವಿಲಿಯಂ ಆಫ್ ಆರೆಂಜ್. ನೆಲದ ಮೇಲೆ ಸ್ಪೇನಿನವರನ್ನು ಗೆಲ್ಲುವುದು ಆಗದ ಮಾತು. ಅದಕ್ಕೆ ಅವನು ಮಾಡಿದ ಕೆಲಸ ನೋಡಿ. ಈ ನೆಲವೆಲ್ಲ ಸಮುದ್ರಮಟ್ಟಕ್ಕಿಂತ ಕೆಳಗೆ. ಒಡ್ಡು ಕಟ್ಟಿ, ನೀರು ಎತ್ತಿ ಹಾಕಿ, ನೂರಾರು ವರ್ಷ ಗೇಯ್ದು ಉಳಿಸಿಕೊಂಡ ಹೊಲ. ಆ ಒಡ್ಡುಗಳನ್ನೇ ಒಡೆಸಿದ. ಆಗಸ್ಟ್ ತಿಂಗಳಲ್ಲಿ ನದಿ ಹೊಲಗಳಿಗೆ ನುಗ್ಗಿತು. ಚಪ್ಪಟೆ ತಳದ ದೋಣಿಗಳಲ್ಲಿ ಬ್ರೆಡ್ಡು, ಮೀನು ತುಂಬಿಕೊಂಡು ಬಂಡಾಯದ ನಾವಿಕರು ಹೊರಟರು. ಅವರಿಗೆ 'ಕಡಲ ಭಿಕ್ಷುಕರು' ಅಂತ ಹೆಸರು. ಯಾರೋ ಹೀಯಾಳಿಸಿ ಇಟ್ಟದ್ದನ್ನು ಅವರೇ ಹೆಮ್ಮೆಯಿಂದ ಹಾಕಿಕೊಂಡಿದ್ದರು. ಆದರೆ ನೀರು ಸಾಲಲಿಲ್ಲ. ದೋಣಿಗಳು ಕೆಸರಲ್ಲಿ ಹೂತು ನಿಂತವು. ಊರಿನವರು ನಡುವಿನ ದಿಬ್ಬದ ಮೇಲಿರುವ ಹಳೇ ಕೋಟೆ ಹತ್ತಿ ದಿನಾ ನೋಡುವರು. ದೋಣಿ ಕಾಣುವುದಿಲ್ಲ, ಇಳಿಯುವರು.

"ಗಾಳಿ ಬರಬೇಕಿತ್ತು," ಅಂದರು ಅಜ್ಜಿ, ಕಳೆದ ವಾರ ನಡೆದದ್ದು ಅನ್ನುವ ಹಾಗೆ. "ಅಕ್ಟೋಬರ್ ಒಂದಕ್ಕೆ ಬಂತು." ಸಮುದ್ರದ ಕಡೆಯಿಂದ ಬಿರುಗಾಳಿ ಬೀಸಿ ನೀರನ್ನು ಒಳಕ್ಕೆ ತಳ್ಳಿತು. ದೋಣಿಗಳು ತೇಲಿದವು. ನೀರು ಏರುವುದನ್ನು ಕಂಡ ಸ್ಪೇನಿನವರು ಎರಡರ ರಾತ್ರಿ ಗಂಟುಮೂಟೆ ಕಟ್ಟಿದರು. ಮೂರರ ಬೆಳಗ್ಗೆ ದೋಣಿಗಳು ಊರ ಕಾಲುವೆಯೊಳಗೆ ಬಂದವು. ದಂಡೆಯಲ್ಲಿ ಕೈ ಚಾಚಿ ನಿಂತವರಿಗೆ ಹೆರಿಂಗ್ ಮೀನು, ಬಿಳಿ ಬ್ರೆಡ್ಡು ಕೊಟ್ಟರು.

ಆಮೇಲೆ ಒಂದು ಪಾತ್ರೆಯ ಕಥೆ ಇದೆ. ಕೊರ್ನೆಲಿಸ್ ಅನ್ನುವ ಅನಾಥ ಹುಡುಗ ಗೋಡೆಯಾಚೆ ಸ್ಪೇನಿನವರ ಬಿಡಾರಕ್ಕೆ ಹೋಗಿ ನೋಡಿದನಂತೆ. ಯಾರೂ ಇಲ್ಲ. ಒಲೆಯ ಮೇಲೆ ಒಂದು ಪಾತ್ರೆ ತುಂಬ ತರಕಾರಿ, ಮಾಂಸ ಬೆಂದದ್ದು ಹಾಗೇ ಬಿಟ್ಟುಹೋಗಿದ್ದರು. ಆ ಸಾರಿನ ನೆನಪಿಗೆ ಊರವರು ಈ ದಿನ ಹುಟ್ಸ್‌ಪಾಟ್ ಮಾಡುತ್ತಾರೆ. ಪಾತ್ರೆಯನ್ನು ಲಾಕನ್‌ಹಾಲ್ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಕಂಚಿನ ಮೂರು ಕಾಲಿನ ಪಾತ್ರೆ. ಇದೇ ಆ ಪಾತ್ರೆ ಹೌದೋ ಅಲ್ಲವೋ ಅಂತ ಅಜ್ಜಿಯ ಮುಂದೆ ಮಾತ್ರ ಕೇಳಬೇಡಿ.

ಹುಟ್ಸ್‌ಪಾಟ್ ಅಂದರೆ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಒಟ್ಟಿಗೆ ಬೇಯಿಸಿ ಚೆನ್ನಾಗಿ ಮಸೆಯುವುದು. ಪಕ್ಕಕ್ಕೆ ದನದ ಮಾಂಸ. ಸೆಪ್ಟೆಂಬರ್ ಕೊನೆಗೆ ಅಂಗಡಿಗಳಲ್ಲಿ ಕ್ಯಾರೆಟ್ಟು, ಈರುಳ್ಳಿ ಹೆಚ್ಚಿ ತುಂಬಿಸಿದ ಚೀಲಗಳು ಗುಡ್ಡೆ ಬೀಳುತ್ತವೆ. ಅಜ್ಜಿಗೆ ಆ ಚೀಲ ಕಂಡರೆ ಆಗದು, ತಾನೇ ಹೆಚ್ಚಬೇಕು. ನಿಜ ಹೇಳಬೇಕೆಂದರೆ 1574ರಲ್ಲಿ ಇಲ್ಲಿ ಆಲೂಗಡ್ಡೆಯೇ ಇರಲಿಲ್ಲ. ಆಗ ಹಾಕುತ್ತಿದ್ದುದು ಪಾರ್ಸ್‌ನಿಪ್, ನಮ್ಮ ಮೂಲಂಗಿಯ ಬಣ್ಣದ, ಸಿಹಿ ರುಚಿಯ ಗಡ್ಡೆ. ಆಲೂಗಡ್ಡೆ ಆಮೇಲೆ ಬಂದು ಅದರ ಜಾಗದಲ್ಲಿ ಕೂತಿತು. ಮೆಣಸಿನಕಾಯಿ ನಮ್ಮಲ್ಲಿ ಕಾಳುಮೆಣಸಿನ ಜಾಗಕ್ಕೆ ಬಂದು ಕೂತಿಲ್ವಾ, ಹಾಗೆ.

ನಾನು ಮಾಂಸ ತಿನ್ನುವುದಿಲ್ಲ ಅಂತ ಅಜ್ಜಿಗೆ ಆ ದಿನವೇ ಹೇಳಿದೆ. ಅವರು ಒಂದು ನಿಮಿಷ ಯೋಚಿಸಿ, ಮಾಂಸದ ರಸ ಬೀಳದ ಹಾಗೆ ಮೇಲಿನಿಂದ ಒಂದು ತಟ್ಟೆ ತೆಗೆದು ಕೊಟ್ಟರು. ಬೆಣ್ಣೆ ಜಾಸ್ತಿ, ಉಪ್ಪು ಕಡಿಮೆ, ಖಾರ ಇಲ್ಲವೇ ಇಲ್ಲ. ಆದರೂ ನಡೆದು ಸುಸ್ತಾದ ಹೊಟ್ಟೆಗೆ ಚೆನ್ನಾಗಿಯೇ ಇಳಿಯಿತು.

ಮಾರನೇ ವರ್ಷದಿಂದ ನಾನು ಪೂರ್ತಿ ಹಬ್ಬ ಮಾಡುವವಳಾದೆ. ಸೈಕಲ್ಲನ್ನು ಒಂದನೇ ತಾರೀಕಿಗೇ ಮನೆಯೊಳಗೆ ತಂದಿಡುತ್ತೇನೆ. ಎರಡರ ಸಂಜೆ ಬ್ಯಾಂಡುಗಳ ಮೆರವಣಿಗೆ. ಮೂರರ ಬೆಳಗ್ಗೆ ಏಳಕ್ಕೆ, ಇನ್ನೂ ಸರಿಯಾಗಿ ಬೆಳಕೇ ಆಗಿರುವುದಿಲ್ಲ, ಬ್ರೇಸ್ಟ್ರಾಟ್ ಬೀದಿಯ ಪುರಭವನದ ಮುಂದೆ ಜನ ಸೇರುತ್ತಾರೆ. ಮೆಟ್ಟಿಲ ಮೇಲೆ ಮೇಯರ್. ಬ್ಯಾಂಡು ಶುರುವಾದ ಕೂಡಲೇ ಹಳೇ ಹಾಡುಗಳು. ಗಂಭೀರವಾಗಿ ಕೋಟು ಹಾಕಿದ ಮುದುಕರು, ರಾತ್ರಿಯೆಲ್ಲ ಕುಡಿದು ಮಲಗದೇ ಬಂದ ಹುಡುಗರು, ತಂದೆಯ ಹೆಗಲ ಮೇಲೆ ಆಕಳಿಸುವ ಮಕ್ಕಳು, ಎಲ್ಲರೂ ಒಂದೇ ಹಾಡು. ನನಗೆ ಶಬ್ದ ಬರದ ಕಡೆ ಬಾಯಿ ಮಾತ್ರ ಆಡಿಸುತ್ತೇನೆ. ಮಗಳು ಶಾಲೆಯಲ್ಲಿ ಕಲಿತಿದ್ದಾಳೆ, ನನ್ನ ಬಾಯಿ ನೋಡಿ ನಗುತ್ತಾಳೆ.

ಅಲ್ಲಿಂದ ಹಳೇ ತೂಕದ ಮನೆಗೆ, ಅಂದರೆ ವಾಖ್‌ಗೆ. ರೈನ್ ನದಿಯ ಎರಡು ಕವಲು ಊರೊಳಗೆ ಕೂಡುವ ಜಾಗದಲ್ಲೇ ಇದೆ. ಹಿಂದೆ ಬೆಣ್ಣೆ, ಚೀಸು ತೂಗುತ್ತಿದ್ದ ಕಟ್ಟಡ. ಅಲ್ಲಿ ಆ ಬೆಳಗ್ಗೆ ಮೀನು, ಬ್ರೆಡ್ಡು ಹಂಚುತ್ತಾರೆ. ಹಬ್ಬ ನಡೆಸುವ ಸಂಘ ಹುಟ್ಟಿದ್ದು 1886ರಲ್ಲಿ. ಅಜ್ಜಿ ಅದರ ಸದಸ್ಯೆ, ಕೈಯಲ್ಲಿ ಚೀಟಿ. ಸಾಲು ಕಾಲುವೆ ದಂಡೆಯುದ್ದಕ್ಕೂ ಹಾವಿನ ಹಾಗೆ. ಥಂಡಿ ಗಾಳಿ, ಮೀನಿನ ವಾಸನೆ, ತಾಜಾ ಬ್ರೆಡ್ಡಿನ ವಾಸನೆ, ಮೂರೂ ಒಟ್ಟಿಗೆ. ನಾನು ಅಜ್ಜಿಯ ಚೀಲ ಹಿಡಿಯುವವಳು.

ಹೊರಗೆ ಬಂದ ಮೇಲೆ ನಮ್ಮ ಪಾಲು ಹಂಚಿಕೆ. ಮೀನು ಅಜ್ಜಿಗೆ, ಬ್ರೆಡ್ಡಿನಲ್ಲಿ ಅರ್ಧ ನಮಗೆ. ಹೆರಿಂಗ್ ಅಂದರೆ ಬೇಯಿಸಿದ ಮೀನಲ್ಲ, ಉಪ್ಪು ಹಾಕಿಟ್ಟ ಹಸಿ ಮೀನು. ಅಜ್ಜಿ ಅಲ್ಲೇ ಸೇತುವೆ ಕಟ್ಟೆಗೆ ಒರಗಿ, ಸಣ್ಣಗೆ ಹೆಚ್ಚಿದ ಈರುಳ್ಳಿಯಲ್ಲಿ ಹೊರಳಿಸಿ, ಬಾಲ ಹಿಡಿದು ತಲೆ ಮೇಲೆತ್ತಿ ತಿನ್ನುತ್ತಾರೆ. ನಾನು ಆ ಹೊತ್ತಿಗೆ ನೀರು ನೋಡುತ್ತೇನೆ. ಬ್ರೆಡ್ಡನ್ನು ಮಗಳು ಚಾಕು ಇಲ್ಲದೇ ಹರಿದು ಹರಿದು ತಿನ್ನುತ್ತಾಳೆ. ಸುಮ್ನೆ ಬಿಳಿ ಬ್ರೆಡ್ಡು, ಬೇರೆ ದಿನ ಕೊಟ್ಟರೆ ಮುಖ ಸಿಂಡರಿಸುವವಳು.

ಮೊದಲ ಸಲ ಇದನ್ನೆಲ್ಲ ವಿಡಿಯೋ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. ಅವ್ವ ಬಾದಾಮಿಯಲ್ಲಿ. "ಹಸೇ ಮೀನಾ? ಬ್ಯಾಡ ಬಿಡವಾ, ಅತ್ಲಾಗ ತಿರುಗಿಸು ಫೋನ್" ಅಂದಳು. ಆಮೇಲೆ ನಾನು ಕಥೆ ಹೇಳಿದೆ. ಪೂರ್ತಿ ಕೇಳಿ ಒಂದೇ ಮಾತು: "ಇದು ನಮ್ಮ ಬನಶಂಕರಿ ಕಥಿನ ಐತಲ್ಲವಾ."

ನನಗೆ ಅದು ಹೊಳೆದೇ ಇರಲಿಲ್ಲ. ಬನಶಂಕರಿಗೆ ಇನ್ನೊಂದು ಹೆಸರು ಶಾಕಾಂಬರಿ. ನೂರು ವರ್ಷ ಮಳೆ ಇಲ್ಲದೆ ಜನ ಹಸಿವಿನಿಂದ ಸಾಯುತ್ತಿದ್ದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆಸಿ ಉಣಿಸಿದಳು ಅನ್ನುವುದು ಕಥೆ. ಅದಕ್ಕೇ ಬನದ ಹುಣ್ಣಿಮೆಯ ಹಿಂದಿನ ದಿನ ಚೊಳಚಗುಡ್ಡದ ಗುಡಿಯಲ್ಲಿ ಪಲ್ಯದ ಹಬ್ಬ. 108 ಬಗೆ ಪಲ್ಯ ಮಾಡಿ ದೇವಿಗೆ ಎಡೆ ಹಿಡಿಯುತ್ತಾರೆ. ಚಿಕ್ಕವಳಿದ್ದಾಗ ನನಗೆ ಆ ಪಲ್ಯಗಳಿಗಿಂತ ಗುಡಿ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರೇ ಮುಖ್ಯ. ಆಮೇಲೆ ರಾತ್ರಿಯಿಡೀ ನಾಟಕ ಕಂಪನಿ. ಗುಡಿ ಮುಂದಿನ ಹೊಂಡದಲ್ಲಿ ಬಾಳೆದಿಂಡಿನ ತೆಪ್ಪದ ಮೇಲೆ ಹಸುಗೂಸುಗಳನ್ನು ಮಲಗಿಸಿ ತೇಲಿಸುತ್ತಾರೆ. ನನ್ನನ್ನೂ ಮಲಗಿಸಿದ್ದರಂತೆ. ಇಲ್ಲಿ ನೀರಿನ ಊರಲ್ಲಿ ಬಂದು ಬೀಳುತ್ತೀ ಅಂತ ಆವಾಗಲೇ ಗೊತ್ತಿತ್ತು ನೋಡು ಅಂತ ಅವ್ವನ ತಮಾಷೆ.

ಅಜ್ಜಿಗೆ ಶಾಕಾಂಬರಿ ಕಥೆ ಹೇಳಿದೆ. 108 ಪಲ್ಯ ಅಂದಾಗ ನಂಬಲಿಲ್ಲ. "ನಮ್ಮದು ಮೂರೇ ತರಕಾರಿ" ಅಂದರು, ಸ್ವಲ್ಪ ಬೇಜಾರಿನಿಂದ.

ಈ ಊರಲ್ಲಿ ವರ್ಷವಿಡೀ ಏನಾದರೂ ಒಂದು ಇದ್ದೇ ಇರುತ್ತದೆ. 28 ಕಿಲೋಮೀಟರ್ ಕಾಲುವೆ, 88 ಸೇತುವೆ ಅಂತ ಊರಿನವರ ಲೆಕ್ಕ. ಏಪ್ರಿಲ್ 27ಕ್ಕೆ ರಾಜನ ಹುಟ್ಟುಹಬ್ಬ, ಎಲ್ಲರಿಗೂ ಕಿತ್ತಳೆ ಬಣ್ಣದ ಬಟ್ಟೆ. ಆವತ್ತು ಮಕ್ಕಳು ಬೀದಿಯಲ್ಲಿ ಚಾಪೆ ಹಾಸಿ ಹಳೇ ಆಟಿಕೆ ಮಾರುತ್ತಾರೆ. ಮಗಳು ಹೋದ ಸಲ ನಾಲ್ಕು ಯೂರೋ ಗಳಿಸಿ, ಆರು ಯೂರೋಗೆ ಬೇರೆಯವರ ಹಳೇ ಆಟಿಕೆ ತಂದಳು. ಮೇ 4ರ ರಾತ್ರಿ ಎಂಟಕ್ಕೆ ಯುದ್ಧದಲ್ಲಿ ಸತ್ತವರಿಗಾಗಿ ಎರಡು ನಿಮಿಷ ಇಡೀ ದೇಶ ಸುಮ್ಮನಾಗುತ್ತದೆ. ಬಸ್ಸೂ ನಿಲ್ಲುತ್ತದೆ. ಬೇಸಿಗೆಯಲ್ಲಿ ಅಲಂಕಾರ ಮಾಡಿದ ದೋಣಿಗಳ ಮೆರವಣಿಗೆ, ನವೆಂಬರಿನಲ್ಲಿ ಮಕ್ಕಳಿಗೆ ಉಡುಗೊರೆ ತರುವ ಸಿಂಟರ್‌ಕ್ಲಾಸ್ ದೋಣಿಯಲ್ಲಿ ಬಂದು ಇಳಿಯುವುದು. ಎಲ್ಲಾ ಚೆನ್ನಾಗಿವೆ. ಆದರೆ ಅವೆಲ್ಲ ಬೇರೆ ಊರುಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತವೆ. ಅಕ್ಟೋಬರ್ ಮೂರಕ್ಕೆ ಬೇರೆ ಊರಿನ ಪ್ರವಾಸಿಗರು ಬಂದರೂ ಹಬ್ಬ ಅವರ ಕಡೆ ತಿರುಗಿಯೂ ನೋಡುವುದಿಲ್ಲ. ಹಾಡು ಅವರಿಗೆ ಬರುವುದಿಲ್ಲ, ಮೀನಿನ ಚೀಟಿ ಅವರಿಗಿಲ್ಲ. ಅದಕ್ಕೇ ನನಗೆ ಇದು ಇಷ್ಟ.

ಇಷ್ಟ ಆಗದ್ದೂ ಇದೆ. ಸಂಜೆಯಾದಂತೆ ಬಿಯರ್ ಜಾಸ್ತಿ, ಪ್ಲಾಸ್ಟಿಕ್ ಲೋಟಗಳು ಕಾಲುವೆಯಲ್ಲಿ ತೇಲುತ್ತವೆ. ಜಾತ್ರೆಯ ತೊಟ್ಟಿಲು, ಗಿರಗಟ್ಟಲೆಗಳ ಸಂಗೀತ ಒಂದರ ಮೇಲೊಂದು ಬಿದ್ದು ತಲೆ ಕೆಡುತ್ತದೆ. ರಾತ್ರಿ ಪಟಾಕಿ ಮುಗಿದ ಮೇಲೆ ಮನೆ ಬಾಗಿಲಿಗೇ ಒಂದಿಬ್ಬರು ಬಂದು ಒರಗಿರುತ್ತಾರೆ. ಬನಶಂಕರಿ ಜಾತ್ರೆಯಲ್ಲಿ ಇದ್ಯಾವುದೂ ಇಲ್ಲ ಅಂತ ನಾನೇನೂ ಹೇಳ್ತಿಲ್ಲ.

ಹಬ್ಬದ ಬೆಳಗ್ಗೆ ಹಾಡಿನ ಇನ್ನೊಂದು ಸುತ್ತು ವಾನ್ ಡರ್ ವರ್ಫ್ ಪಾರ್ಕಿನಲ್ಲಿ. ಮುತ್ತಿಗೆ ಕಾಲದ ಮೇಯರ್ ಅವನು. ಹಸಿದ ಜನ ಶರಣಾಗೋಣ ಅಂದಾಗ, ನನ್ನ ತೋಳು ಕಡಿದು ತಿನ್ನಿ ಆದರೆ ಊರು ಬಿಟ್ಟುಕೊಡಬೇಡಿ ಅಂದನಂತೆ. ಪಾರ್ಕಿನಲ್ಲಿ ಅವನ ಪ್ರತಿಮೆ ಇದೆ. ಆ ಪಾರ್ಕೇ ಒಂದು ಗಾಯ. 1807ರ ಜನವರಿ 12ರಂದು ಅಲ್ಲಿನ ಕಾಲುವೆಯಲ್ಲಿ ನಿಂತಿದ್ದ ಮದ್ದಿನಪುಡಿಯ ದೋಣಿ ಸಿಡಿದು ಸುಮಾರು 150 ಜನ ಸತ್ತರು. ಮನೆಗಳಿದ್ದ ಜಾಗ ಬಯಲಾಯಿತು. ಒಂದು ಭಾಗದಲ್ಲಿ ಮತ್ತೆ ಮನೆ ಏಳಲೇ ಇಲ್ಲ, ಪಾರ್ಕ್ ಆಯಿತು. ಅನ್ನ ತಂದದ್ದೂ ಕಾಲುವೆಯೇ, ಇದನ್ನು ತಂದದ್ದೂ ಕಾಲುವೆಯೇ.

2024ರಲ್ಲಿ ಮುತ್ತಿಗೆ ಮುಗಿದು 450 ವರ್ಷ. ಅವ್ವ ಆ ಸಲ ಇಲ್ಲೇ ಇದ್ದಳು. ಅಜ್ಜಿಯ ಮನೆಗೆ ಊಟಕ್ಕೆ ಹೋಗುವಾಗ ಸೆರಗಿನಲ್ಲಿ ಏನೋ ಮುಚ್ಚಿಕೊಂಡಿದ್ದಳು. ಹುಟ್ಸ್‌ಪಾಟ್ ಒಂದು ತುತ್ತು ತಿಂದು, "ಛಲೋ ಐತಿ, ಸಪ್ಪಗ ಐತಿ" ಅಂತ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಜ್ಜಿ ಒಂದು ಚಮಚ ಹಾಕಿಕೊಂಡು ಕೆಮ್ಮಿ, ನೀರು ಕುಡಿದು, ಇನ್ನೊಂದು ಚಮಚ ಹಾಕಿಕೊಂಡರು.

ಆ ಸಂಜೆ ಅವ್ವನಿಗೆ ಪುರಭವನದ ಗೋಡೆಯ ಕಲ್ಲು ತೋರಿಸಿದೆ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನದ ಬಂಡೆಯ ಕೆಳಗೆ ಬೆಳೆದವರಿಗೆ ಕಲ್ಲ ಮೇಲಿನ ಅಕ್ಷರ ಕಂಡರೆ ಕಾಲು ತಾನೇ ನಿಲ್ಲುತ್ತದೆ. ಇಲ್ಲಿ ಆರು ಸಾಲಿನ ಪದ್ಯ ಇದೆ. ಕಪ್ಪು ಹಸಿವು ಹತ್ತಿರ ಹತ್ತಿರ ಆರು ಸಾವಿರ ಜನರನ್ನು ಸಾವಿಗೆ ತಂದ ಮೇಲೆ, ದೇವರಿಗೆ ನೋಡಲಾಗದೆ, ಬೇಕೆನಿಸಿದಷ್ಟು ಬ್ರೆಡ್ಡು ಮತ್ತೆ ಕೊಟ್ಟ ಅಂತ ಅದರ ಸಾರ. ಅದರ ಅಕ್ಷರಗಳಲ್ಲಿ ಲೆಕ್ಕ ಅಡಗಿದೆ ಅಂತ ಅಜ್ಜಿ ಹೇಳಿದ್ದರು. ಅಕ್ಷರಕ್ಕೊಂದು ಅಂಕಿ ಹಿಡಿಯುವ ನಮ್ಮ ಕಟಪಯಾದಿಯ ಹಾಗೆ. ಒಟ್ಟು ಅಕ್ಷರ 131, ಮುತ್ತಿಗೆಯ ದಿನಗಳೂ 131. ಮೇ 26ರಿಂದ ಅಕ್ಟೋಬರ್ 3ರವರೆಗೆ ಎಣಿಸಿ ನೋಡಿ, ಸರಿ ಬರುತ್ತದೆ.

ಮಗಳು ಎಣಿಸುತ್ತೇನೆ ಅಂತ ಹಟ ಹಿಡಿದಳು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಎಣಿಸಿದಳು. 127. ಮತ್ತೆ ಎಣಿಸಿದಳು. 127. "ಅಜ್ಜಿ ಸುಳ್ಳು ಹೇಳಿದ್ದಾರೆ," ಅಂದಳು. ನಾನೂ ಎಣಿಸಿದೆ, ನನಗೂ ಅಷ್ಟೇ. ನಾಲ್ಕು ದಿನ ಎಲ್ಲಿ ಹೋದವು? ಅವ್ವ ಮೆಟ್ಟಿಲ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಕೊನೆಗೆ ಅಜ್ಜಿಗೇ ಫೋನ್ ಮಾಡಿದೆ. ಅವರು ಆ ಕಡೆಯಿಂದ, "ಡಬ್ಲ್ಯೂ ಅನ್ನು ಎಷ್ಟು ಅಂತ ಎಣಿಸಿದಿರಿ?" ಅಂದರು. ಆ ಕಾಲಕ್ಕೆ ಡಬ್ಲ್ಯೂ ಒಂದು ಅಕ್ಷರ ಅಲ್ಲ, ಎರಡು ವಿ. ಪದ್ಯದಲ್ಲಿ ಅಂಥವು ನಾಲ್ಕು. 131. ಅಷ್ಟೇ ಅಲ್ಲ, ಎಂ, ಸಿ, ಎಲ್, ವಿ, ಐ ಇರುವ ಕಡೆಯೆಲ್ಲ ರೋಮನ್ ಅಂಕಿ ಅಂತ ಕೂಡಿಸಿ ನೋಡು, 1574 ಬರುತ್ತದೆ, ಡಿ ಮಾತ್ರ ಬಿಡಬೇಕು ಅಂದರು.

ನಾನು ಪೆನ್ನು ಹುಡುಕಿ ಚೀಟಿಯ ಹಿಂದೆ ಕೂಡಿಸಲು ಶುರು ಮಾಡಿದೆ. ಸಾವಿರದ ನಾನೂರು ದಾಟುವಷ್ಟರಲ್ಲಿ ಮಗಳು ಅವ್ವನ ಸೆರಗು ಎಳೆಯುತ್ತಿದ್ದಳು. ಅವಳ ನಾಲ್ಕು ದಿನ ಸಿಕ್ಕಿದ್ದವು, ಇನ್ನು ಅವಳಿಗೆ ಬೇಕಿದ್ದದ್ದು ಮೂಲೆಯ ಗಾಡಿಯ ಬೊಂಬಾಯಿ ಮಿಠಾಯಿ.